ಗೋಡೌನಿನಲ್ಲಿ ಮ್ಯುಯಾನ್ ಎಣಿಸಿದ ಮಳೆಗಾಲ

ದೊಡ್ಡಪ್ಪನ ಕಾಫಿ ಗೋಡೌನ್ ಜೂನ್ ಹೊತ್ತಿಗೆ ಖಾಲಿಯಾಗಿರುತ್ತದೆ. ಕಣದಲ್ಲಿ ಒಣಗಿದ ರೊಬಸ್ಟಾ ಚೀಲ ಸೇರಿ ಮಾರಾಟವಾದ ಮೇಲೆ ಅಲ್ಲಿ ಉಳಿಯುವುದು ಗೋಣಿಯ ವಾಸನೆ, ಒಂದು ಹಳೆಯ ತಕ್ಕಡಿ, ಗೋಡೆಗೆ ಒರಗಿಸಿದ ಏಣಿ ಇಷ್ಟೇ. ಆ ಜಾಗವನ್ನು ನಾಲ್ಕು ತಿಂಗಳ ಮಟ್ಟಿಗೆ ಕೇಳಿದೆ. ಎಂಥದಕ್ಕೆ ಎಂದರು. ಆಕಾಶದಿಂದ ಬೀಳುವ ಕಣಗಳನ್ನು ಎಣಿಸಲಿಕ್ಕೆ ಎಂದೆ. ಅವರು ಒಮ್ಮೆ ಮಾಡು ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಆಕಾಶದ್ದು ಎಣಿಸುವವರು ಹೆಂಚಿನ ಕೆಳಗೆ ಯಾಕೆ ಕೂರಬೇಕು?"

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನಾವು ಎಣಿಸಲು ಹೊರಟಿದ್ದ ಮ್ಯುಯಾನ್ ಎಂಬ ಕಣಕ್ಕೆ ಹೆಂಚು ಲೆಕ್ಕಕ್ಕಿಲ್ಲ. ಬಾಹ್ಯಾಕಾಶದಿಂದ ಬರುವ ಪ್ರೋಟಾನುಗಳು ಹತ್ತು ಹದಿನೈದು ಕಿಲೊಮೀಟರ್ ಮೇಲೆ ಗಾಳಿಯ ಪರಮಾಣುಗಳಿಗೆ ಬಡಿದಾಗ ಪಯಾನ್ ಎಂಬ ಕಣಗಳು ಹುಟ್ಟುತ್ತವೆ. ಅವು ಒಡೆದು ಮ್ಯುಯಾನ್ ಆಗುತ್ತವೆ. ಮ್ಯುಯಾನ್ ಎಲೆಕ್ಟ್ರಾನಿನ ಸಂಬಂಧಿಯೇ, ತೂಕ ಮಾತ್ರ 207 ಪಟ್ಟು. ಅದರ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್, ಅಷ್ಟು ಹೊತ್ತಿನಲ್ಲಿ ಬೆಳಕೇ 660 ಮೀಟರ್ ದಾಟಲಾರದು. ಆದರೂ ಅವು ನೆಲ ಮುಟ್ಟುತ್ತವೆ. ಬೆಳಕಿನ ವೇಗದ ಹತ್ತಿರ ಓಡುವ ಕಣದ ಗಡಿಯಾರ ನಮ್ಮ ಕಣ್ಣಿಗೆ ನಿಧಾನವಾಗಿ ನಡೆಯುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದು ಇಲ್ಲಿ ನಿಜವಾಗಿ ಕೆಲಸ ಮಾಡುತ್ತದೆ. ಅಂಗೈ ಅಡ್ಡಲಾಗಿ ಚಾಚಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯುಯಾನ್ ಅದರ ಮೂಲಕ ಹಾದುಹೋಗುತ್ತದೆ. ದೊಡ್ಡಪ್ಪ ಅಂಗೈ ಚಾಚಿ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಗೋಡೌನ್ ನಮ್ಮದಾಯಿತು.

ನಮ್ಮ ವಿಶ್ವವಿದ್ಯಾಲಯ ಇರುವುದು ಘಟ್ಟದ ಕೆಳಗೆ, ಕಡಲಿಗೆ ಹತ್ತಿರ. ಗುಂಪಿನಲ್ಲಿ ಐದು ಜನ: ಒಬ್ಬರು ಗೈಡ್, ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು, ಇಬ್ಬರು ಎಂಎಸ್ಸಿ ಹುಡುಗಿಯರು. ಮದುರೈಯಲ್ಲಿ ಮಿನಿ-ಐಕ್ಯಾಲ್ ಎಂಬ 85 ಟನ್ನಿನ ಕಬ್ಬಿಣದ ಡಿಟೆಕ್ಟರ್ ಇದೆ. ಅದರ ಸುತ್ತ ಸಿಂಟಿಲೇಟರ್, ಅಂದರೆ ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್, ಪಟ್ಟಿಗಳ ಗೋಡೆ ಕಟ್ಟಿ, ಒಳಗೆ ನುಗ್ಗುವ ಪ್ರತಿ ಮ್ಯುಯಾನನ್ನೂ ಬಾಗಿಲಲ್ಲೇ ಗುರುತಿಸಬೇಕು ಎಂಬುದು ಅಲ್ಲಿನವರ ಯೋಜನೆ. ಅವರು ಇಟ್ಟುಕೊಂಡ ಗುರಿ 99.99 ಶೇಕಡ. ಅಂದರೆ ಹತ್ತು ಸಾವಿರದಲ್ಲಿ ಒಂದೇ ಒಂದು ತಪ್ಪಿಸಿಕೊಳ್ಳಬಹುದು. ನಾವು ಆ ಯೋಜನೆಯ ಪಾಲುದಾರರಲ್ಲ. ಆದರೆ ಅಂಥ ಪ್ಯಾನೆಲನ್ನು ತರಿಸಿಕೊಳ್ಳದೆ ನಮ್ಮ ಕೈಯಲ್ಲೇ ಕಟ್ಟಬೇಕು, ಕಟ್ಟಿದ್ದು ಎಷ್ಟು ನಂಬಿಕಸ್ಥ ಎಂದು ನಾವೇ ಅಳೆಯಬೇಕು ಎಂದು ಗೈಡ್ ಹಠ ಹಿಡಿದಿದ್ದರು. ಆ ಹಠಕ್ಕೆ ನಾನು ಇಂದಿಗೂ ಋಣಿ.

ಕಟ್ಟುವ ಕೆಲಸಕ್ಕೆ ಒಂದು ವರ್ಷ ಹಿಡಿಯಿತು. ಐವತ್ತು ಸೆಂಟಿಮೀಟರ್ ಚೌಕದ, ಒಂದು ಸೆಂಟಿಮೀಟರ್ ದಪ್ಪದ ಮೂರು ಪ್ಲಾಸ್ಟಿಕ್ ಹಲಗೆಗಳು. ಮ್ಯುಯಾನ್ ಹಾದುಹೋದಾಗ ಸುಮಾರು 20 ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಆ ಹಲಗೆಯಲ್ಲಿ ಉಳಿಯುತ್ತದೆ, ಅದು ನೀಲಿ ಮಿನುಗಾಗುತ್ತದೆ. ಹಲಗೆಯ ಗೀರುಗಳಲ್ಲಿ ಕೂರಿಸಿದ ತೆಳು ಫೈಬರುಗಳು ನೀಲಿಯನ್ನು ನುಂಗಿ ಹಸಿರಾಗಿ ಉಗುಳಿ ತುದಿಗೆ ಒಯ್ಯುತ್ತವೆ. ತುದಿಯಲ್ಲಿ ಸಿಲಿಕಾನ್ ಫೋಟೊಮಲ್ಟಿಪ್ಲಯರ್ ಇದೆ. ಲ್ಯಾಬಿನಲ್ಲಿ ನಾವು ಅದನ್ನು ಎಸ್‌ಐಪಿಎಂ ಎನ್ನುತ್ತೇವೆ. ಉಗುರಿನಷ್ಟೂ ಇಲ್ಲದ ಆ ಚಿಪ್ಪಿನ ಮೇಲೆ ಸಾವಿರಾರು ಕೋಶಗಳಿವೆ, ಬೆಳಕಿನ ಒಂದೇ ಒಂದು ಕಣ, ಅಂದರೆ ಫೋಟಾನ್, ಬಿದ್ದರೂ ಆ ಕೋಶ ಸಿಡಿಯುತ್ತದೆ. ಆಸಿಲೋಸ್ಕೋಪಿನಲ್ಲಿ ಒಂದು ಫೋಟಾನಿನ ಎತ್ತರ, ಎರಡರ ಎತ್ತರ, ಮೂರರ ಎತ್ತರ ಏಣಿಯ ಮೆಟ್ಟಿಲಿನ ಹಾಗೆ ಬೇರೆಬೇರೆಯಾಗಿ ಕಂಡ ರಾತ್ರಿ ನಾವು ಯಾರೂ ಹಾಸ್ಟೆಲಿಗೆ ಹೋಗಲಿಲ್ಲ. ಬೆಳಕನ್ನು ಒಂದೊಂದಾಗಿ ಎಣಿಸಬಹುದು ಎಂದು ಪುಸ್ತಕದಲ್ಲಿ ಓದಿದ್ದೆ. ಆ ರಾತ್ರಿ ಎಣಿಸಿ ನೋಡಿದೆ.

ಫೈಬರಿನ ತುದಿಯನ್ನು ಉಜ್ಜಿ ನಯ ಮಾಡುವುದು ಎಲ್ಲಕ್ಕಿಂತ ಬೇಸರದ ಕೆಲಸ, ಎಲ್ಲಕ್ಕಿಂತ ಮುಖ್ಯವಾದ ಕೆಲಸವೂ ಅದೇ. ಮೊದಲು ಒರಟು ಉಪ್ಪುಕಾಗದ, ಆಮೇಲೆ ನಯ, ಇನ್ನೂ ನಯ, ಕೊನೆಗೆ ವಜ್ರದ ಪೇಸ್ಟ್. ಕೈ ಎಂಟರ ಆಕಾರದಲ್ಲಿ ತಿರುಗಬೇಕು. ಗೀಟು ಉಳಿದರೆ ಬೆಳಕು ಅಲ್ಲೇ ಚೆದುರಿ ಹೋಗುತ್ತದೆ. ಫೈಬರ್ ಕೂರಿಸುವ ಅಂಟು ಒಣಗಲು ಒಂದು ದಿನ ಬೇಕು, ಆ ಒಂದು ದಿನ ಯಾರೂ ಮೇಜನ್ನು ಅಲುಗಿಸಬಾರದು. ಅಂಟಿನಲ್ಲಿ ಗಾಳಿಗುಳ್ಳೆ ಉಳಿದರೂ ಬೆಳಕು ನಷ್ಟ. ಮಧ್ಯದ ಹಲಗೆಗೆ ಅಂಟು ಹಾಕಿದ ದಿನ ನಾನು ಅವಸರ ಮಾಡಿದ್ದೆ. ಅದರ ಮಾತು ಮುಂದೆ ಬರುತ್ತದೆ.

ಹಲಗೆಗೆ ಬಿಳಿ ಟೈವೆಕ್ ಹಾಳೆ, ಅದರ ಮೇಲೆ ಎರಡು ಸುತ್ತು ಕಪ್ಪು ಕಾಗದ, ಅಂಚಿಗೆಲ್ಲ ಕಪ್ಪು ಟೇಪ್ ಸುತ್ತಿ, ಜೀಪಿಗೆ ಹಾಕಿಕೊಂಡು ಸುಳ್ಯ, ಸಂಪಾಜೆ ದಾಟಿ ಘಟ್ಟ ಹತ್ತಿದೆವು. ಮಡಿಕೇರಿಯಿಂದ ಭಾಗಮಂಡಲದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ಎತ್ತರ ಸುಮಾರು ಸಾವಿರ ಮೀಟರ್. ಮೂರು ಹಲಗೆಗಳನ್ನು ಒಂದರ ಮೇಲೊಂದು ಇಪ್ಪತ್ತೈದು ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿದೆವು. ಮೂರೂ ಒಟ್ಟಿಗೆ ಮಿನುಗಿದರೆ ಮಾತ್ರ ಮ್ಯುಯಾನ್ ಎಂದು ಲೆಕ್ಕ.

ಯಾಕೆ ಮೂರು? ಎಸ್‌ಐಪಿಎಂ ಕತ್ತಲಲ್ಲೂ ಸುಮ್ಮನಿರುವುದಿಲ್ಲ. ಶಾಖಕ್ಕೇ ಅದರ ಕೋಶಗಳು ತಾವಾಗಿ ಸಿಡಿಯುತ್ತವೆ. ನಮ್ಮ ಪ್ರತಿ ಹಲಗೆಯೂ ಸೆಕೆಂಡಿಗೆ ಸುಮಾರು 900 ಸಲ 'ಬಂತು' ಎಂದು ಕೂಗುತ್ತಿತ್ತು. ಅದರಲ್ಲಿ ನಿಜವಾದ ಮ್ಯುಯಾನ್ ನಲವತ್ತೈವತ್ತು ಮಾತ್ರ. ಎರಡು ಹಲಗೆಗಳು 100 ನ್ಯಾನೋಸೆಕೆಂಡಿನ ಒಳಗೆ ಒಟ್ಟಿಗೆ ಕೂಗಬೇಕು ಎಂದರೆ ಸುಳ್ಳು ಹೊಂದಾಣಿಕೆ ನಿಮಿಷಕ್ಕೆ ಹತ್ತಕ್ಕೆ ಇಳಿಯುತ್ತದೆ. ಮೂರೂ ಕೂಗಬೇಕು ಎಂದರೆ ಹತ್ತು ಹನ್ನೆರಡು ಗಂಟೆಗೆ ಒಂದು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದಾಗ ನನಗೆ ಆದ ಸಮಾಧಾನ ದೊಡ್ಡದು. ಒಬ್ಬನ ಮಾತು ನಂಬಬೇಡ, ಮೂವರು ಒಂದೇ ಹೊತ್ತಿನಲ್ಲಿ ಹೇಳಿದರೆ ನಂಬು ಎಂದು ಪಂಚಾಯಿತಿ ಕಟ್ಟೆಯಲ್ಲಿ ಹೇಳುವ ಹಾಗೆಯೇ.

ಕೆಳಗೆ ಕ್ಯಾಂಪಸ್ಸಿನಲ್ಲಿ ಇದೇ ಉಪಕರಣ ನಿಮಿಷಕ್ಕೆ 480 ಎಣಿಸಿತ್ತು. ಗೋಡೌನಿನಲ್ಲಿ ಮೊದಲ ದಿನವೇ 550. ಮೇಲಿನ ಗಾಳಿಯ ಹೊದಿಕೆ ಒಂದು ಕಿಲೊಮೀಟರಿನಷ್ಟು ತೆಳುವಾಗಿದ್ದಕ್ಕೆ ಇಷ್ಟು ಏರಿಕೆ. ನನ್ನ ಊರಿಗೆ ನಮ್ಮ ಕಡಲೂರಿಗಿಂತ ಹೆಚ್ಚು ಆಕಾಶ ಬೀಳುತ್ತದೆ ಎಂದು ಅಂದು ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

ಮೂರನೆಯ ದಿನ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಗೊತ್ತಿಲ್ಲದವರಿಗೆ ಹೇಳಬೇಕು: ಅದು ಬಂದು ಹೋಗುವುದಿಲ್ಲ, ಬಂದು ಕೂರುತ್ತದೆ. ಬಟ್ಟೆ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಬೇಕು. ಬೀರುವಿನಲ್ಲಿಟ್ಟ ಚಪ್ಪಲಿಗೆ ವಾರದಲ್ಲಿ ಬೂಷ್ಟು. ಉಪ್ಪು ನೀರಾಗುತ್ತದೆ. ಅಂಥ ಗಾಳಿಯಲ್ಲಿ 56 ವೋಲ್ಟ್ ಹಿಡಿದು ಕೂತ ಸರ್ಕ್ಯೂಟ್ ಬೋರ್ಡ್ ಏನಾಗಬಹುದು ಎಂದು ಕಡಲತೀರದ ಲ್ಯಾಬಿನ ಎಸಿ ಕೋಣೆಯಲ್ಲಿ ಕೂತು ನಾವು ಸಾಕಷ್ಟು ಯೋಚಿಸಿರಲಿಲ್ಲ.

ಮೊದಲು ಕೆಳಗಿನ ಹಲಗೆಯ ಕರೆಂಟ್ ಏರತೊಡಗಿತು. ಕತ್ತಲಲ್ಲಿ ಎಸ್‌ಐಪಿಎಂ ಎಳೆಯಬೇಕಾದದ್ದು ಮೈಕ್ರೊಆಂಪಿಯರಿಗಿಂತ ಕಡಿಮೆ. ಒಂದು ವಾರದಲ್ಲಿ ಅದು ಹಲವು ಪಟ್ಟು ಏರಿತು. ಎಣಿಕೆ ಒಮ್ಮೆ ಮೇಲೆ ಜಿಗಿಯಿತು, ಒಮ್ಮೆ ಸತ್ತೇಹೋಯಿತು. ಚಿಪ್ ಸುಟ್ಟಿತು ಎಂದು ನನ್ನ ಜೊತೆಗಾರ ಕೈಚೆಲ್ಲಿದ. ಬೋರ್ಡ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ, ಬೆಸುಗೆ ಹಾಕುವಾಗ ಉಳಿದ ಫ್ಲಕ್ಸಿನ ತೆಳು ಕಲೆ ಎರಡು ಪಿನ್ನುಗಳ ನಡುವೆ ಸೇತುವೆಯ ಹಾಗೆ ಹರಡಿತ್ತು. ಒಣಗಿದ್ದಾಗ ಅದು ನಿರುಪದ್ರವಿ. ತೇವ ಕುಡಿದ ಮೇಲೆ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಲ್ಲುಜ್ಜುವ ಬ್ರಷ್ ಅದ್ದಿ ಮೂರೂ ಬೋರ್ಡುಗಳನ್ನು ತೊಳೆದೆವು. ಒಲೆಮನೆಯ ಅಟ್ಟದ ಮೇಲೆ, ದೊಡ್ಡಮ್ಮ ಬೀಜ ಒಣಗಿಸುವ ಜಾಗದಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಬೆಚ್ಚಗಿಟ್ಟು, ಬೆಳಿಗ್ಗೆ ರಕ್ಷಣೆಯ ವಾರ್ನಿಷ್ ಬಳಿದು, ಸಿಲಿಕಾ ಜೆಲ್ ತುಂಬಿದ ಪೆಟ್ಟಿಗೆಯಲ್ಲಿ ಮುಚ್ಚಿದೆವು. ಕರೆಂಟ್ ಕೆಳಗಿಳಿಯಿತು.

ಆದರೂ ಪೆಟ್ಟಿಗೆಯೊಳಗಿನ ತೇವಾಂಶ ನಿಧಾನವಾಗಿ ಏರುತ್ತಲೇ ಇತ್ತು. ದೊಡ್ಡಪ್ಪ ಬಂದು ನೋಡಿ, "ಇದನ್ನು ಗೋಡೆಗೆ ತಾಗಿಸಿ ಸಿಮೆಂಟಿನ ಮೇಲೆ ಯಾಕೆ ಇಟ್ಟಿದ್ದು? ಕಾಫಿ ಚೀಲ ಯಾರಾದರೂ ಹಾಗೆ ಇಡುತ್ತಾರಾ?" ಎಂದರು. ಕಾಫಿ ಬೇಳೆಯನ್ನು ಹನ್ನೊಂದು ಶೇಕಡದಷ್ಟು ತೇವಕ್ಕೆ ಒಣಗಿಸಿ ಇಡುತ್ತಾರೆ. ಮಳೆಗಾಲದಲ್ಲಿ ಅದು ಮತ್ತೆ ನೀರು ಎಳೆದುಕೊಂಡರೆ ಬಣ್ಣ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಆದ್ದರಿಂದ ಚೀಲಗಳು ಯಾವಾಗಲೂ ಮರದ ಅಡ್ಡಪಟ್ಟಿಗಳ ಮೇಲೆ, ಗೋಡೆಯಿಂದ ಒಂದು ಮೊಳ ಈಚೆ. ನಮ್ಮ ಡಿಟೆಕ್ಟರನ್ನೂ ಅವರು ಹಾಗೇ ಕೂರಿಸಿದರು. ಅಂದಿನಿಂದ ಸಿಲಿಕಾ ಜೆಲ್ ಎರಡು ದಿನದ ಬದಲು ಎಂಟು ದಿನ ಬಾಳಿತು. ನಮ್ಮ ಉಪಕರಣದ ವಿವರಣೆಯಲ್ಲಿ ಆ ಮರದ ಪಟ್ಟಿಗಳನ್ನೂ ಅಳತೆ ಸಮೇತ ಬರೆದಿದ್ದೇನೆ.

ದೊಡ್ಡಪ್ಪನ ಬಳಿ ಇನ್ನೊಂದು ಸಂಗತಿ ಇತ್ತು: ಮಳೆ ಪುಸ್ತಕ. ಕೊಡಗಿನ ಬಹುಪಾಲು ತೋಟದ ಮನೆಗಳಲ್ಲಿ ಇದು ಇರುತ್ತದೆ. ಅಂಗಳದಲ್ಲಿ ಮಳೆಮಾಪಕ, ಬೆಳಿಗ್ಗೆ ಅಳತೆ, ಪುಸ್ತಕದಲ್ಲಿ ಇಂಚು ಮತ್ತು ಸೆಂಟ್. ನೂರು ಸೆಂಟ್ ಒಂದು ಇಂಚು. ಇಬ್ಬರು ಬೆಳೆಗಾರರು ಫೋನಿನಲ್ಲಿ ಮಾತಿಗೆ ಕೂತರೆ ಮೊದಲ ಪ್ರಶ್ನೆಯೇ 'ನಿಮ್ಮಲ್ಲಿ ಎಷ್ಟು?'. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬಂತು, ಅದರ ಬೆನ್ನಿಗೆ ಬರುವ ಮಳೆ ಯಾವಾಗ ಬಂತು ಎಂಬುದರ ಮೇಲೆ ವರ್ಷದ ಫಸಲು ನಿಂತಿರುವಾಗ ಇದು ಹವ್ಯಾಸದ ಮಾತಲ್ಲ. ಅಜ್ಜನ ಕಾಲದ ಪುಸ್ತಕಗಳೂ ಟ್ರಂಕಿನಲ್ಲಿವೆ, ಶಾಯಿ ಕಂದಿದೆ, ಅಂಕಿ ಓದಲು ಬರುತ್ತದೆ.

ಜುಲೈಯಲ್ಲಿ ಕರೆಂಟ್ ಮೂರು ದಿನ ಹೋಯಿತು. ಇನ್ವರ್ಟರ್ ಮೊದಲ ದಿನ ನಡೆಸಿತು, ಆಮೇಲೆ ಕೈಬಿಟ್ಟಿತು. ಮತ್ತೆ ಶುರುವಾದ ಮೇಲೆ ವಾರದ ಸರಾಸರಿ ತೆಗೆದರೆ ನಿಮಿಷಕ್ಕೆ 400 ಕೂಡ ಇಲ್ಲ. ಏನೋ ದೊಡ್ಡದು ನಡೆದಿದೆ ಎಂದು ಎದೆ ಬಡಿದುಕೊಂಡಿತು. ನಡೆದದ್ದು ಇಷ್ಟೇ: ನಾನು ಬರೆದ ಪ್ರೋಗ್ರಾಮ್, ಉಪಕರಣ ಆರಿದ್ದ ಗಂಟೆಗಳಿಗೆಲ್ಲ ಸೊನ್ನೆ ತುಂಬಿಸಿತ್ತು. ಅಂದು ಸಂಜೆ ದೊಡ್ಡಪ್ಪನ ಪುಸ್ತಕ ತಿರುವುತ್ತಿದ್ದೆ. ಕೆಲವು ದಿನಗಳ ಮುಂದೆ 0 ಇತ್ತು, ಕೆಲವು ದಿನಗಳ ಮುಂದೆ ಅಡ್ಡಗೆರೆ. ವ್ಯತ್ಯಾಸ ಏನು ಎಂದು ಕೇಳಿದೆ. "ಸೊನ್ನೆ ಅಂದರೆ ನೋಡಿದೆ, ಮಳೆ ಇರಲಿಲ್ಲ. ಗೆರೆ ಅಂದರೆ ನಾನು ನೋಡಲಿಲ್ಲ. ಆಸ್ಪತ್ರೆಯಲ್ಲಿದ್ದೆ, ಇಲ್ಲವೇ ಮದುವೆಗೆ ಹೋಗಿದ್ದೆ. ನೋಡದ ದಿನಕ್ಕೆ ಸೊನ್ನೆ ಹೇಗೆ ಬರೆಯುವುದು?"

ಆ ರಾತ್ರಿಯೇ ಕೂತು ಪ್ರೋಗ್ರಾಮ್ ಬದಲಿಸಿದೆ. ಉಪಕರಣ ಎಷ್ಟು ಸೆಕೆಂಡ್ ನಿಜವಾಗಿ ಎಚ್ಚರವಿತ್ತು ಎಂಬುದು ಪ್ರತಿ ಸಾಲಿನಲ್ಲೂ ಬರಬೇಕು. ಎಚ್ಚರವಿಲ್ಲದ ಹೊತ್ತಿಗೆ ಅಡ್ಡಗೆರೆ. ಡಿಟೆಕ್ಟರ್ ಕೆಲಸ ಮಾಡುವವರು ಇದಕ್ಕೆ ಲೈವ್ ಟೈಮ್ ಎನ್ನುತ್ತಾರೆ, ನನಗೂ ಆ ಪದ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದಿದ್ದೆ.

ಇದೇ ನಾಡಿನ ಮೂಡಣ ಅಂಚಿನಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ಒಂದು ನಿಜವಾದ ಸೊನ್ನೆ ಏನು ಮಾಡಿತು ಎಂಬುದು ಆಗ ನೆನಪಾಯಿತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಮೊದಲಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದು ಗಣಿಯ ಬೇರೆಬೇರೆ ಆಳಗಳಲ್ಲಿ ಮ್ಯುಯಾನ್ ಎಣಿಸಿದರು. ಕೆಳಗಿಳಿದಂತೆ ಎಣಿಕೆ ಕುಗ್ಗಿತು. ಮುಂದೆ ಅದೇ ಸಂಸ್ಥೆಯವರು ಇನ್ನೂ ಆಳಕ್ಕೆ ಇಳಿದಾಗ ವಾರಗಟ್ಟಲೆ ಕಾದರೂ ಒಂದೂ ಮ್ಯುಯಾನ್ ಬರಲಿಲ್ಲ. ಉಪಕರಣ ಎಚ್ಚರವಾಗಿಯೇ ಇತ್ತು; ಬರಲಿಲ್ಲ ಅಷ್ಟೇ. ಮ್ಯುಯಾನಿನ ಗದ್ದಲವೇ ಇಲ್ಲದ ಜಾಗ ಎಂದ ಮೇಲೆ ಅಲ್ಲಿ ಬಂಡೆಯನ್ನೂ ಸಲೀಸಾಗಿ ದಾಟಿ ಬರುವ ನ್ಯೂಟ್ರಿನೊ ಕಣವನ್ನು ಹುಡುಕಬಹುದಲ್ಲ ಎಂಬ ಧೈರ್ಯ ಅವರಿಗೆ ಬಂತು. 1965ರಲ್ಲಿ, ನೆಲದಿಂದ ಎರಡು ಕಿಲೊಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ಗುಂಪು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲೂ ಅದು ಕಂಡಿತು. ಆ ಸೊನ್ನೆಯ ಜಾಗದಲ್ಲಿ ಅಡ್ಡಗೆರೆ ಇದ್ದಿದ್ದರೆ ಅವರು ಮುಂದಿನ ಹೆಜ್ಜೆ ಇಡಲು ಆಗುತ್ತಿರಲಿಲ್ಲ.

ಮಧ್ಯದ ಹಲಗೆಯ ಮಾತಿಗೆ ಬರುತ್ತೇನೆ. ಒಂದು ಹಲಗೆ ಎಷ್ಟು ನಂಬಿಕಸ್ಥ ಎಂದು ತಿಳಿಯಲು ದಾರಿ ಸರಳ: ಮೇಲಿನದೂ ಕೆಳಗಿನದೂ ಕೂಗಿದಾಗ ನಡುವಿನದು ಎಷ್ಟು ಸಲ ಕೂಗಿತು? ನಮಗೆ ಸಿಕ್ಕಿದ್ದು 96.9 ಶೇಕಡ. ಗೈಡ್ ಆ ಅಂಕಿ ನೋಡಿ, ಮೊದಲು ನಿನ್ನ ಸುಳ್ಳು ಜೋಡಿಗಳನ್ನು ಕಳೆ ಎಂದರು. ಮೇಲಿನದು, ಕೆಳಗಿನದು ಆಕಸ್ಮಿಕವಾಗಿ ಒಟ್ಟಿಗೆ ಕೂಗಿದ ನಿಮಿಷದ ಹತ್ತು ಸಲ ನಡುವೆ ಯಾವ ಮ್ಯುಯಾನೂ ಹಾದಿರಲಿಲ್ಲ. ಸುಮ್ಮನಿದ್ದ ಹಲಗೆಯನ್ನು ನಾನು ತಪ್ಪಿತಸ್ಥನಾಗಿಸಿದ್ದೆ. ಅದನ್ನು ಕಳೆದರೆ 98.6. ಉಳಿದ ಒಂದೂವರೆ ಮಾತ್ರ ನಿಜವಾದ ದೋಷ. ಪುಸ್ತಕದಷ್ಟು ಅಗಲದ ಇನ್ನೊಂದು ಸಣ್ಣ ಸಿಂಟಿಲೇಟರನ್ನು ಹಲಗೆಯ ಮೇಲೆ ಜಾಗದಿಂದ ಜಾಗಕ್ಕೆ ಸರಿಸುತ್ತಾ, ಪ್ರತಿ ಜಾಗದಲ್ಲೂ ಅರ್ಧ ದಿನ ಎಣಿಸಿದೆವು. ಒಂದು ಅಂಚಿನ ಮೂರು ಫೈಬರುಗಳ ಮೇಲೆ ಬಂದಾಗ ಬೆಳಕು ಕುಸಿಯಿತು. ಅವಸರದ ದಿನ ಉಳಿದ ಗಾಳಿಗುಳ್ಳೆ ಅಲ್ಲಿತ್ತು. ನನಗೆ ಆ ದಿನವೂ ನೆನಪಿದೆ, ಬಸ್ಸಿನ ಹೊತ್ತೂ ನೆನಪಿದೆ. ಅಂಟನ್ನು ಮತ್ತೆ ತೆಗೆಯಲು ಗೋಡೌನಿನಲ್ಲಿ ಅನುಕೂಲವಿರಲಿಲ್ಲ, ಹಾಗೆಯೇ ಮುಂದುವರಿದೆವು. ದೋಷ ಎಲ್ಲಿದೆ, ಎಷ್ಟಿದೆ ಎಂದು ಗೊತ್ತಿದ್ದರಿಂದ ಲೆಕ್ಕದಲ್ಲಿ ಅದಕ್ಕೆ ಜಾಗ ಕೊಡಲು ಬಂತು.

ಆಗಸ್ಟ್ ಮೂರಕ್ಕೆ ಕೊಡವರ ಕಕ್ಕಡ ತಿಂಗಳ ಹದಿನೆಂಟು. ದೊಡ್ಡಮ್ಮ ಮದ್ದುಸೊಪ್ಪಿನ ಪಾಯಸ ಮಾಡಿ ಗೋಡೌನಿಗೇ ಕಳಿಸಿದರು. ಆ ನೇರಳೆ ಬಣ್ಣ ನನ್ನ ಲಾಗ್ ಪುಸ್ತಕದ ಒಂದು ಪುಟದಲ್ಲಿ ಇನ್ನೂ ಇದೆ.

ಆಗಸ್ಟ್ ಕೊನೆಯಲ್ಲಿ ಮಳೆ ಮೂರು ದಿನ ಬಿಟ್ಟಿತು. ಎರಡು ತಿಂಗಳ ಮೇಲೆ ಬಿಸಿಲು. ಆ ಮೂರೂ ದಿನ ಬೆಳಿಗ್ಗೆ ಒಂಬತ್ತರಿಂದ ಹತ್ತರ ನಡುವೆ ಎಣಿಕೆ ನೂರಕ್ಕೆ ಒಂದೂವರೆಯಷ್ಟು ಏರಿತು. ಒಂದು ದಿನವಾದರೆ ಆಕಸ್ಮಿಕ ಎನ್ನಬಹುದು. ಮೂರು ದಿನ, ಅದೇ ಹೊತ್ತು, ಅಷ್ಟೇ ಏರಿಕೆ. ಊಟಿಯಲ್ಲಿ ಗ್ರೇಪ್ಸ್-3 ಎಂಬ ಪ್ರಯೋಗವಿದೆ. 560 ಚದರ ಮೀಟರಿನ ಅದರ ಮ್ಯುಯಾನ್ ದೂರದರ್ಶಕ 2014ರ ಡಿಸೆಂಬರ್ 1ರಂದು ಒಂದು ಗುಡುಗು ಮೋಡ ಹಾದುಹೋದಾಗ ಎಣಿಕೆಯಲ್ಲಾದ ಕುಸಿತವನ್ನು ಹಿಡಿದು, ಆ ಮೋಡದೊಳಗೆ 130 ಕೋಟಿ ವೋಲ್ಟಿನ ವಿದ್ಯುತ್ ಒತ್ತಡವಿತ್ತು ಎಂದು ಲೆಕ್ಕ ಹಾಕಿತು. ಆ ಪ್ರಬಂಧವನ್ನು ನಾನು ಎಷ್ಟು ಸಲ ಓದಿದ್ದೆನೋ. ನೀಲಗಿರಿಗೆ ಸಿಕ್ಕಿದ್ದು ಬ್ರಹ್ಮಗಿರಿಯ ಈ ಬದಿಗೂ ಏನಾದರೂ ಸಿಕ್ಕಿರಬಹುದೇ ಎಂದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಸೂರ್ಯನ ಜೊತೆ ಏರುವ ಎಣಿಕೆ!

ನಾಲ್ಕನೆಯ ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಗೋಡೌನಿನ ಬಾಗಿಲು ಹಾಕಿಕೊಂಡು ಕೂತೆ. ಒಂಬತ್ತೂ ಹತ್ತಕ್ಕೆ ಮಾಡಿನ ಗಾಜಿನ ಹೆಂಚಿನಿಂದ ಒಂದು ಬಿಸಿಲ ಕೋಲು ಇಳಿಯಿತು. ನೆಲದ ಮೇಲೆ ತಟ್ಟೆಯಗಲದ ಬೆಳಕು. ಅದು ನಿಧಾನಕ್ಕೆ ಜರುಗಿ, ಮರದ ಪಟ್ಟಿ ಹತ್ತಿ, ಮೇಲಿನ ಹಲಗೆಯ ಮೂಲೆಯ ಮೇಲೆ ಬಂದು ನಿಂತಿತು. ಮೀಟರಿನಲ್ಲಿ ಆ ಹಲಗೆಯ ಬಿಡಿ ಎಣಿಕೆ ಸೆಕೆಂಡಿಗೆ 900ರಿಂದ ಎಂಬತ್ತು ಸಾವಿರಕ್ಕೆ ಏರಿತು. ಕೈ ಅಡ್ಡ ಹಿಡಿದೆ, ಇಳಿಯಿತು. ತೆಗೆದೆ, ಏರಿತು. ಮಳೆಗಾಲದ ತೇವಕ್ಕೆ ಆ ಮೂಲೆಯ ಟೇಪಿನ ಅಂಟು ಸಡಿಲಗೊಂಡು ಕೂದಲಿನಷ್ಟು ಸಂದಿ ಬಿಟ್ಟಿತ್ತು. ಕೆಳಗಿನ ಎರಡು ಹಲಗೆಗಳ ಮೂಲಕ ಓರೆಯಾಗಿ ಹೋದ ಮ್ಯುಯಾನುಗಳಲ್ಲಿ ಕೆಲವಕ್ಕೆ ಮೇಲಿನ ಹಲಗೆಯ ಈ ಬಿಸಿಲ ಕೂಗು ಜೊತೆಯಾಗಿ, ಮೂವರ ಸಾಕ್ಷಿ ಎಂದು ದಾಖಲಾಗುತ್ತಿತ್ತು.

ಮಳೆ ಇದ್ದಷ್ಟು ದಿನ ಬಿಸಿಲೇ ಇರಲಿಲ್ಲವಾದ್ದರಿಂದ ಸಂದಿ ಕಂಡಿರಲಿಲ್ಲ. ಬಿಡಿ ಎಣಿಕೆಯನ್ನು ನಿರಂತರ ಬರೆದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಮೆಮೊರಿ ಕಾರ್ಡ್ ತುಂಬದಿರಲಿ ಎಂದು ಪ್ರತಿ ಗಂಟೆಯ ಮೊದಲ ಹತ್ತು ಸೆಕೆಂಡಿನದನ್ನು ಮಾತ್ರ ಬರೆಯುವಂತೆ ನಾನೇ ಮಾಡಿದ್ದೆ. ಬಿಸಿಲು ಒಂಬತ್ತಕ್ಕೆ ಇನ್ನೂ ಬಂದಿರುತ್ತಿರಲಿಲ್ಲ, ಹತ್ತಕ್ಕೆ ದಾಟಿಹೋಗಿರುತ್ತಿತ್ತು. ಮೂರು ದಿನದ ಆ ಗಂಟೆಗಳಿಗೆ ಅಡ್ಡಗೆರೆ ಹಾಕಿದೆ. ಮನಸ್ಸಿಗೆ ತುಂಬ ಕಷ್ಟವಾಯಿತು. ಗೈಡಿಗೆ ಫೋನ್ ಮಾಡಿ ಹೇಳಿದಾಗ ಅವರು ಕೇಳಿದ್ದು ಒಂದೇ: ಟಾರ್ಚ್ ಹಿಡಿದು ಉಳಿದ ಹನ್ನೊಂದು ಮೂಲೆಗಳನ್ನೂ ನೋಡಿದೆಯಾ? ನೋಡಿದೆ. ಇನ್ನೊಂದು ಮೂಲೆಯೂ ಸೋರುತ್ತಿತ್ತು.

ಸೆಪ್ಟೆಂಬರಿನಲ್ಲಿ, ಕೊಡವರ ಆಯುಧದ ಹಬ್ಬ ಕೈಲ್‌ಪೊಳ್ದ್ ಮುಗಿದ ವಾರ, ಉಳಿದ ದತ್ತಾಂಶ ಮುಂದಿಟ್ಟುಕೊಂಡು ಕೂತೆ. ಬೋರ್ಡ್ ಸರಿಯಾದ ಮೇಲಿನ 41 ದಿನಗಳಲ್ಲಿ, ಗೆರೆ ಬಿದ್ದವನ್ನು ತೆಗೆದರೆ 30 ದಿನ. ನನಗೆ ಬೇಕಿದ್ದದ್ದು ಗಾಳಿಯ ಒತ್ತಡದ ಗುರುತು. ಉಷ್ಣವಲಯದಲ್ಲಿ ಗಾಳಿಗೂ ಉಬ್ಬರ ಇಳಿತ ಉಂಟು. ಮೇಲಿನ ಓಜೋನ್ ಮತ್ತು ನೀರಾವಿಯನ್ನು ಸೂರ್ಯ ಕಾಯಿಸುವುದರಿಂದ ವಾತಾವರಣವೇ ದಿನಕ್ಕೆ ಎರಡು ಸಲ ತೂಗುತ್ತದೆ: ಬೆಳಿಗ್ಗೆ ಹತ್ತು, ರಾತ್ರಿ ಹತ್ತರ ಸುಮಾರಿಗೆ ಒತ್ತಡ ಹೆಚ್ಚು, ಸಂಜೆ ನಾಲ್ಕು, ಬೆಳಗಿನ ಜಾವ ನಾಲ್ಕಕ್ಕೆ ಕಡಿಮೆ. ವ್ಯತ್ಯಾಸ ಮೂರು ಹೆಕ್ಟೊಪ್ಯಾಸ್ಕಲ್ ಆಸುಪಾಸು. ಒತ್ತಡ ಹೆಚ್ಚಾದರೆ ತಲೆಯ ಮೇಲಿನ ಗಾಳಿ ಹೆಚ್ಚು, ಮ್ಯುಯಾನ್ ಕಡಿಮೆ. ಒಂದು ಹೆಕ್ಟೊಪ್ಯಾಸ್ಕಲಿಗೆ ಸಾವಿರಕ್ಕೆ ಒಂದೋ ಎರಡೋ. ಒಟ್ಟು ಸಾವಿರಕ್ಕೆ ನಾಲ್ಕೈದರ ಅಲೆ. ನಾವು ಗಂಟೆಗೆ ಎಣಿಸುತ್ತಿದ್ದದ್ದು 33,000. ಎಣಿಕೆಯ ಸಹಜ ಓಲಾಟ ಅದರ ವರ್ಗಮೂಲದಷ್ಟು, ಸುಮಾರು 180, ಅಂದರೆ ಸಾವಿರಕ್ಕೆ ಐದೂವರೆ. ಒಂದು ದಿನದಲ್ಲಿ ಏನೂ ಕಾಣಿಸದು. ಮೂವತ್ತು ದಿನಗಳ ಬೆಳಗಿನ ಹತ್ತರ ಗಂಟೆಯ ಎಣಿಕೆಯನ್ನೆಲ್ಲ ಒಂದು ಖಾನೆಗೆ, ಹನ್ನೊಂದರ ಗಂಟೆಯದನ್ನೆಲ್ಲ ಇನ್ನೊಂದಕ್ಕೆ ಸುರಿದರೆ ಪ್ರತಿ ಖಾನೆಯಲ್ಲಿ ಹತ್ತಿರ ಹತ್ತು ಲಕ್ಷ. ಓಲಾಟ ಸಾವಿರಕ್ಕೆ ಒಂದಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಅಪಾಯವಿತ್ತು. ಎಸ್‌ಐಪಿಎಂಗೆ ಬಿಸಿ ತಾಗಿದರೆ ಅದರ ಸಿಡಿಯುವ ವೋಲ್ಟೇಜ್ ಜರುಗುತ್ತದೆ, ನಮ್ಮ ಚಿಪ್ಪಿಗೆ ಡಿಗ್ರಿಗೆ 54 ಮಿಲಿವೋಲ್ಟ್. ಹಗಲು ರಾತ್ರಿಗೆ ಹತ್ತು ಡಿಗ್ರಿ ವ್ಯತ್ಯಾಸವಾದರೆ ಉಪಕರಣದ ಸೂಕ್ಷ್ಮತೆಯೇ ದಿನಕ್ಕೊಮ್ಮೆ ಏರಿ ಇಳಿದು, ಆಕಾಶದ ಅಲೆಯನ್ನು ಮುಚ್ಚಿಬಿಡುತ್ತದೆ. ಬೇಸಗೆಯಲ್ಲಿ ಬಂದಿದ್ದರೆ ನಾವು ಇದರಲ್ಲೇ ಮುಳುಗುತ್ತಿದ್ದೆವು. ಆದರೆ ಮಳೆಗಾಲದ ನಮ್ಮೂರಿನಲ್ಲಿ ಹಗಲೂ ರಾತ್ರಿಯೂ ಒಂದೇ. ಗೋಡೌನಿನ ಥರ್ಮಾಮೀಟರ್ ಜುಲೈ ಇಡೀ ಮೂರು ಡಿಗ್ರಿಯೊಳಗೇ ಅಲುಗಿತ್ತು. ಬೋರ್ಡ್ ಕೊಳೆಸಿದ, ಟೇಪ್ ಸಡಿಲಿಸಿದ, ಕರೆಂಟ್ ಕಿತ್ತುಕೊಂಡ ಅದೇ ಮಳೆ ನಮಗೆ ಯಾವ ಲ್ಯಾಬಿನ ಎಸಿಯೂ ಕೊಡದ ಸ್ಥಿರತೆ ಕೊಟ್ಟಿತ್ತು.

ಗ್ರಾಫಿನಲ್ಲಿ ಅಲೆಯ ಗೆರೆ ಮೂಡಿತು. ಬೆಳಿಗ್ಗೆ ಹತ್ತರ ಹತ್ತಿರ ತಗ್ಗು, ಸಂಜೆ ನಾಲ್ಕಕ್ಕೆ ದಿಬ್ಬ, ರಾತ್ರಿ ಹತ್ತಕ್ಕೆ ಮತ್ತೆ ತಗ್ಗು, ಬೆಳಗಿನ ಜಾವ ದಿಬ್ಬ. ಒತ್ತಡದ ಗೆರೆಯನ್ನು ತಲೆಕೆಳಗು ಮಾಡಿ ಮೇಲಿಟ್ಟರೆ ಎರಡೂ ಒಂದರ ಮೇಲೊಂದು ಕೂತವು. ದಿನಕ್ಕೆ ಎರಡು ಸಲ. ಬಿಸಿಲಾಗಿದ್ದರೆ, ಬಿಸಿಯಾಗಿದ್ದರೆ ಒಂದೇ ಸಲ ಏರುತ್ತಿತ್ತು. ಇದು ಹೊಸ ಶೋಧವಲ್ಲ, ಜಗತ್ತಿಗೆ ಎಂದೋ ಗೊತ್ತಿದ್ದದ್ದು. ಆದರೆ ನಾವು ಉಜ್ಜಿದ ಫೈಬರಿನಲ್ಲಿ, ನಾವು ತೊಳೆದ ಬೋರ್ಡಿನಲ್ಲಿ, ಹೆಂಚಿನ ಕೆಳಗೆ ಕೂತು, ಇಡೀ ವಾತಾವರಣ ಉಸಿರಾಡುವುದನ್ನು ಕಂಡೆವು. ಪರದೆಯ ಮುಂದೆ ಎಂಎಸ್ಸಿ ಹುಡುಗಿಯರಲ್ಲಿ ಒಬ್ಬಳು ಅಳುತ್ತಿದ್ದಳು.

ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಯಾವ ಗಂಟೆ ಎಲ್ಲಿದೆ ಎಂದು ಬೆರಳಿಟ್ಟು ಕೇಳಿದರು. ಬೆಳಿಗ್ಗೆ ಒಂಬತ್ತರ ಖಾನೆಯ ಮೇಲೆ ಬೆರಳು ನಿಲ್ಲಿಸಿ, "ಆ ಬಿಸಿಲು ಬಿದ್ದ ಮೂರು ದಿನ?" ಎಂದರು.

"ಗೆರೆ ಹಾಕಿದ್ದೇನೆ."

"ಸರಿ" ಎಂದರು.

ಅಕ್ಟೋಬರ್ ಕೊನೆಗೆ ಗೋಡೌನ್ ಬಿಡಬೇಕಾಯಿತು. ತಗ್ಗಿನ ಅರೇಬಿಕಾ ಹಣ್ಣಾಗತೊಡಗಿತ್ತು, ಚೀಲಗಳಿಗೆ ಜಾಗ ಬೇಕು. ಮಧ್ಯದ ಹಲಗೆಯನ್ನು ಕ್ಯಾಂಪಸ್ಸಿಗೆ ತಂದು ಮೂರು ಫೈಬರ್ ಕಿತ್ತು ಹೊಸದಾಗಿ ಅಂಟಿಸಿದೆವು, ಈ ಸಲ ಬಸ್ಸಿನ ಹೊತ್ತು ನೋಡದೆ. ಈಗ ಅದು 99ರ ಮೇಲಿದೆ. ಮದುರೈನವರ ಗುರಿಗೆ ಇನ್ನೂ ದೂರ. ಗಾಜಿನ ಹೆಂಚನ್ನು ತೆಗೆದು ಮಣ್ಣಿನ ಹೆಂಚು ಹಾಕಿಸಲೇ ಎಂದು ದೊಡ್ಡಪ್ಪ ಕೇಳಿದ್ದಾರೆ. ಬೇಡ ಎಂದಿದ್ದೇನೆ. ಮುಂದಿನ ಜೂನಿಗೆ ಹೊಸ ಟೇಪಿನ ಜೊತೆ ಹೋದಾಗ ಮೊದಲು ಆ ಬಿಸಿಲ ಕೋಲಿನ ಕೆಳಗೇ ಹಲಗೆ ಇಟ್ಟು ನೋಡಬೇಕು.